ದೋಣಿ ಸುಟ್ಟು ಮಾಡಿದ ಎಣ್ಣೆ

ಬಿಸಿಲು ಕಾಣದೆ ಹನ್ನೆರಡು ದಿನ ಆಗಿತ್ತು. ದೂರದ ಕಡಲಾಚೆ, ಹಿಂದೆ ನಮ್ಮ ದೇಶದವರು ಕೂಲಿಗೆ ಹೋಗಿ ನೆಲೆನಿಂತ ಪೊಮೆರೂನ್ ಹೊಳೆಯ ದಂಡೆಯಲ್ಲಿ ಕೊಬ್ಬರಿ ಮಾಡುವ ಮನೆಗಳಿಗೆಲ್ಲ ಒಂದೇ ತಲೆನೋವು. ಒಡೆದಿಟ್ಟ ಕಾಯಿ ಒಣಗುವುದಿಲ್ಲ. ಎರಡು ದಿನ ಬಿಟ್ಟರೆ ಲೋಳೆ, ನಾಲ್ಕು ದಿನ ಬಿಟ್ಟರೆ ಹಸಿರು ಬೂಷ್ಟು. ಒಣಗಿಸುವ ಗೂಡಿನ ಕೆಳಗೆ ಬೆಂಕಿ ಹಾಕೋಣವೆಂದರೆ ಚಿಪ್ಪು, ಮಟ್ಟೆ ಎಲ್ಲ ನೆಂದು ತೊಪ್ಪೆಯಾಗಿದ್ದವು.

ತುಳಸಿದೈಗೆ ಈ ಸಲ ಕಾಯುವಷ್ಟು ಪುರುಸೊತ್ತಿರಲಿಲ್ಲ. ಸೊಸೆ ಅಂಜನಿಗೆ ದಿನ ತುಂಬಿತ್ತು. ಮಗ ದೂರದ ಚಿನ್ನದ ಗಣಿಯಲ್ಲಿದ್ದ, ಹಬ್ಬಕ್ಕೊಮ್ಮೆ ಮುಖ ತೋರಿಸುವವನು. ಮಗು ಹುಟ್ಟಿದ ಒಂಬತ್ತನೇ ದಿನ ಹೊಸ ಎಣ್ಣೆ ಹಚ್ಚಿ ಎರೆಯಬೇಕು. ಅದೇ ಎಣ್ಣೆಯಲ್ಲಿ ಕಡಲೆಹಿಟ್ಟಿನ ಪುಲೌರಿ ಕರಿದು ಬಂದವರಿಗೆ ಕೊಡಬೇಕು. ಮುಂಚೆಯೇ ಒಂದೊಂದು ಬಾಟಲಿ ಎಣ್ಣೆ ಕೊಟ್ಟು ನೆಂಟರಿಷ್ಟರನ್ನು ಕರೆಯಬೇಕು. ಹಳೇ ಎಣ್ಣೆಯಲ್ಲಿ ಮುಗಿಸಿದರೆ ಎರಡೂ ದಂಡೆಯ ಹೆಂಗಸರು ವರ್ಷವಿಡೀ ಆಡಿಕೊಳ್ಳುತ್ತಾರೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಯಾಕೆಂದರೆ ಬೇರೆಯವರ ಮನೆಯದನ್ನು ಅವಳೂ ಹಾಗೇ ಆಡಿಕೊಂಡವಳು.

ಮನೆ ಎತ್ತರದ ಕಂಬಗಳ ಮೇಲೆ ನಿಂತಿತ್ತು. ಅದರ ಅಡಿಯಲ್ಲಿ ಒಂದೇ ಒಂದು ಒಣ ಸೌದೆ ಇತ್ತು. ಅದು ಗಂಡ ಗೋಬರ್ಧನ್‌ನ ದೋಣಿ. ಮೂವತ್ತು ವರ್ಷ ಅವನು ಅದರಲ್ಲೇ ಕಾಯಿ ಸಾಗಿಸಿದ್ದ. ಅವನು ಹೋಗಿ ಎರಡು ವರ್ಷವಾಯಿತು. ಕೇಳಿದವರಿಗೆಲ್ಲ ತುಳಸಿದೈ, "ಅದನ್ನ ಮಾರೋದಿಲ್ಲ" ಎಂದು ಖಡಾಖಂಡಿತ ಹೇಳಿದ್ದಳು.

ಆ ದಿನ ಅದರ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಹಲಗೆಯ ಮೇಲೆ ಕೈ ಇಟ್ಟು ಬಹಳ ಹೊತ್ತು ಯೋಚಿಸಿದಳು. ಗಂಡ ಮೊಮ್ಮಗುವಿನ ಮುಖ ನೋಡಲಿಲ್ಲ. ಅವನ ದೋಣಿಯಾದರೂ ಆ ಮಗುವಿನ ಎಣ್ಣೆಗೆ ಉರಿಯಲಿ. ಮಣ್ಣಲ್ಲಿ ಕೊಳೆಯುವುದಕ್ಕಿಂತ ಅದು ವಾಸಿ. ಕೊಡಲಿ ತಂದಳು. ಮೂರು ದಿನ ಆ ಹಲಗೆಗಳು ಗೂಡಿನ ಕೆಳಗೆ ಉರಿದವು. ಹೊಗೆ ಕಪ್ಪಗೆ, ದಪ್ಪಗೆ ಏಳುತ್ತಿತ್ತು. ಕೊಬ್ಬರಿ ಒಣಗಿ ಗಲಗಲ ಅಂದಿತು. ಹೊಳೆಯಾಚೆಯ ಮಿಲ್ಲಿನಲ್ಲಿ ಹಿಂಡಿಸಿದಾಗ ಬಂದ ಎಣ್ಣೆಗೆ ಕಂದು ಬಣ್ಣವಿತ್ತು, ಹೊಗೆಯ ಗಮಲಿತ್ತು. ಅಂಜನಿಗೆ ಹೆಣ್ಣುಮಗು ಹುಟ್ಟಿತು. ಎಲ್ಲ ಅಂದುಕೊಂಡ ಹಾಗೇ ಆಯಿತು ಎಂದು ತುಳಸಿದೈ ಹಿಗ್ಗಿದಳು.

ಹೆರಿಗೆಯಾದ ನಾಲ್ಕನೇ ದಿನ ಆರೋಗ್ಯ ಕೇಂದ್ರದ ವರ್ಲಿನ್ ಮಗುವನ್ನು ತೂಗಲು ಬಂದಳು. ವರ್ಲಿನ್ ಈ ಹೊಳೆಯವಳೇ, ಅಲ್ಲಿನ ಮೂಲನಿವಾಸಿಗಳಾದ ಅರವಾಕ್ ಜನದವಳು. ಆರೋಗ್ಯ ಕಾರ್ಯಕರ್ತೆಯಾಗುವ ಮುಂಚೆ ಆರು ವರ್ಷ ಒಂದು ಎಣ್ಣೆ ಕಾರ್ಖಾನೆಯ ಪರೀಕ್ಷೆ ಕೋಣೆಯಲ್ಲಿ ದುಡಿದವಳು. ಮಗುವನ್ನು ತೂಗಿ, ಹೊಕ್ಕುಳು ನೋಡಿ, ಚೆನ್ನಾಗಿದೆ ಎಂದಳು. ಆಮೇಲೆ ಮೂಗರಳಿಸಿ ಮೂಲೆಯ ಡಬ್ಬದ ಕಡೆ ತಿರುಗಿದಳು.

"ಆಜಿ, ಇದು ಯಾವ ಎಣ್ಣೆ?"

ಆಜಿ ಎಂದರೆ ಅಜ್ಜಿ, ಆಜಾ ಎಂದರೆ ಅಜ್ಜ. ಊರಿಗೆಲ್ಲ ತುಳಸಿದೈ ಆಜಿಯೇ.

"ಹೊಸದಮ್ಮ. ಘಮ ನೋಡು ಹೆಂಗಿದೆ!"

"ಘಮ ಅಲ್ಲ ಆಜಿ, ಇದು ಟಾರಿನ ವಾಸನೆ. ಗೂಡಿಗೆ ಯಾವ ಸೌದೆ ಹಾಕಿದ್ರಿ?"

ತುಳಸಿದೈ ಸೆರಗು ಸರಿ ಮಾಡಿಕೊಂಡು, ಬಹುಮಾನ ಬಂದವಳ ಹಾಗೆ ಹೇಳಿದಳು: "ನಮ್ಮ ಯಜಮಾನರ ದೋಣಿ."

ವರ್ಲಿನ್ ಮುಖ ಬಾಡಿತು.

"ಆಜಿ, ಬೇಜಾರು ಮಾಡ್ಕೋಬೇಡಿ. ದೋಣಿ ತಳಕ್ಕೆ ವರ್ಷ ವರ್ಷ ಟಾರು ಬಳೀತಾರಲ್ಲ, ಅದು ಉರಿದಾಗ ಬರೋ ಹೊಗೇಲಿ ಕೆಟ್ಟ ವಸ್ತುಗಳು ತುಂಬಾ ಇರ್ತವೆ. ಅವಕ್ಕೆ ನೀರು ಕಂಡ್ರೆ ಆಗಲ್ಲ, ಎಣ್ಣೆ ಅಂದ್ರೆ ಪ್ರಾಣ. ಕೊಬ್ಬರಿ ಒಳಗೆ ಸೇರ್ಕೊಂಡು ಹಂಗೇ ಎಣ್ಣೆಗೆ ಬಂದ್ಬಿಡ್ತವೆ. ಕೆಲವು ಕ್ಯಾನ್ಸರ್ ತರೋ ಜಾತಿಯವು. ಇದನ್ನ ತಿನ್ನಬೇಡಿ, ಮಗುಗೆ ಅಂತೂ ಸೋಕಿಸ್ಲೇಬೇಡಿ."

ಅಷ್ಟರಲ್ಲಿ ಮೆಟ್ಟಿಲ ಮೇಲೆ ಕೆಮ್ಮು ಕೇಳಿಸಿತು. ಪಕ್ಕದ ಮನೆಯ ರಹ್ಮತ್, ದೋಣಿ ಕಟ್ಟುವ ಮುದುಕ. ಗೋಬರ್ಧನ್‌ನ ದೋಣಿ ಕಟ್ಟಿದವನೂ ಅವನೇ. ತುಳಸಿದೈಯನ್ನು ಅವನು ಭೌಜಿ ಎಂದು, ಅಣ್ಣನ ಹೆಂಡತಿಯನ್ನು ಕರೆಯುವಂತೆ ಕರೆಯುತ್ತಿದ್ದ.

"ಏನು ಭೌಜಿ, ನರ್ಸಮ್ಮ ಹೆದರಿಸ್ತಾ ಇದ್ದಾಳಾ? ನಾನು ಐವತ್ತು ವರ್ಷದಿಂದ ಟಾರು ಕಾಯಿಸ್ತಿದೀನಿ. ನೋಡಮ್ಮ ನನ್ನ, ಕಲ್ಲುಗುಂಡು!"

"ಕಲ್ಲುಗುಂಡು ಯಾಕೆ ಮಾಮು ಮೆಟ್ಟಿಲು ಹತ್ತೋ ಅಷ್ಟರಲ್ಲಿ ಮೂರು ಸಲ ಕೆಮ್ತು?" ಎಂದಳು ವರ್ಲಿನ್.

ರಹ್ಮತ್ ನಕ್ಕ. ತುಳಸಿದೈ ನಗಲಿಲ್ಲ. ಅವಳ ಮೈಯೆಲ್ಲ ಉರಿಯುತ್ತಿತ್ತು. ಸತ್ತ ಗಂಡನ ದೋಣಿಯನ್ನು ವಿಷ ಅಂದುಬಿಟ್ಟಳಲ್ಲ, ಈ ನಿನ್ನೆ ಮೊನ್ನೆಯ ಹುಡುಗಿ!

"ನಮ್ಮ ಅತ್ತೆ ಹೊಗೆ ಕೊಬ್ಬರಿ ತಿಂದೇ ತೊಂಬತ್ತು ವರ್ಷ ಬದುಕಿದ್ರು. ನೀನು ಹೊರಡಮ್ಮ, ನೀರು ಇಳಿಯೋಕೆ ಮುಂಚೆ ದಾಟ್ಕೋ."

ವರ್ಲಿನ್ ಚೀಲ ಹೆಗಲಿಗೇರಿಸಿದಳು. ಬಾಗಿಲಲ್ಲಿ ನಿಂತು ಮತ್ತೊಮ್ಮೆ ಹೇಳಿದಳು: "ಒಂದು ಚಮಚ ತಿಂದ್ರೆ ಇವತ್ತೇ ಏನೂ ಆಗಲ್ಲ ಆಜಿ. ಅದಕ್ಕೇ ಯಾರೂ ನಂಬಲ್ಲ. ದಿನಾ ತಿಂದಿದ್ದು ವರ್ಷಗಟ್ಟಲೆ ಒಳಗೆ ಕೆಲಸ ಮಾಡತ್ತೆ." ಒಳಕೋಣೆಯಲ್ಲಿ ಅಂಜನಿ ಮಗುವನ್ನು ಎದೆಗೊತ್ತಿಕೊಂಡು ಕೂತಿದ್ದಳು. ಈ ಮನೆಯಲ್ಲಿ ಅವಳು ಬಾಯಿ ಬಿಡುವುದೇ ಅಪರೂಪ.

ಅಂದಿನಿಂದ ತುಳಸಿದೈ ಬಾಯಲ್ಲಿ ಏನೇ ಹೇಳಲಿ, ಮನಸ್ಸಿನಲ್ಲಿ ಒಂದು ಮುಳ್ಳು ಮುರಿದು ನಿಂತಿತ್ತು. ಡಬ್ಬದ ಮುಚ್ಚಳ ತೆಗೆಯುವುದು, ಮೂಸುವುದು, ಮುಚ್ಚುವುದು. ಮೊದಲು ಘಮ ಅನ್ನಿಸುತ್ತಿದ್ದದ್ದು ಈಗ ಹೊಸದಾಗಿ ಬಳಿದ ದೋಣಿಯ ಹಾಗೇ ಮೂಗಿಗೆ ಬಡಿಯುತ್ತಿತ್ತು. ಹಾಗೆಂದು ಚೆಲ್ಲುವುದೇ? ಗೋಬರ್ಧನ್ ಮೊಮ್ಮಗಳಿಗೆ ಕೊಟ್ಟ ಒಂದೇ ಒಂದು ಉಡುಗೊರೆ ಅದು.

ಆರನೇ ದಿನ ಅವಳಿಗೊಂದು ಉಪಾಯ ಹೊಳೆಯಿತು. ಪೇಟೆಯ ಎಣ್ಣೆಯ ಬಾಟಲಿಗಳ ಮೇಲೆ "ರಿಫೈನ್ಡ್" ಎಂದು ಬರೆದಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಾರ್ಖಾನೆಯಲ್ಲಿ ಏನು ಮಾಡುತ್ತಾರೆ? ಕಾಯಿಸುತ್ತಾರೆ, ಇದ್ದಿಲು ಹಾಕುತ್ತಾರೆ, ಸೋಸುತ್ತಾರೆ. ಇಷ್ಟೇ ತಾನೇ? ಮನೆಯಲ್ಲಿ ಒಲೆಯಿಲ್ಲವೇ, ಇದ್ದಿಲಿಲ್ಲವೇ?

ದೊಡ್ಡ ಬಾಣಲೆ ಇಟ್ಟಳು. ಎಣ್ಣೆ ಕಾಯಿತು, ಹೊಗೆಯಾಡಿತು. ಬೂದು ಹೊಗೆ ಹೋಗಿ ಬಿಳಿ ಹೊಗೆ ಬರುವ ತನಕ ಬಿಡಲಿಲ್ಲ. ತಿಳಿಯಾಗಲೆಂದು ಒಂದು ಹಿಡಿ ಉಪ್ಪು ಹಾಕಿದಳು. ಒಲೆಯ ಇದ್ದಿಲನ್ನು ಕುಟ್ಟಿ ಪುಡಿ ಮಾಡಿ ಸುರಿದಳು. ತಣಿದ ಮೇಲೆ ಗೋಬರ್ಧನ್‌ನ ಹಳೇ ಧೋತರವನ್ನು ನಾಲ್ಕು ಮಡಿಕೆ ಮಾಡಿ ಸೋಸಿದಳು. ಮತ್ತೆ ಕಾಯಿಸಿದಳು, ಮತ್ತೆ ಸೋಸಿದಳು. ಮೂರನೇ ಸಲಕ್ಕೆ ಎಣ್ಣೆ ನೀರಿನ ಹಾಗೆ ಇಳಿಯಿತು. ಮೂಸಿ ನೋಡಿದಳು. ಏನೂ ಇಲ್ಲ.

ಅವಳ ಕಣ್ಣಲ್ಲಿ ನೀರು ಬಂತು. ಎದೆಯ ಮೇಲಿನ ಬಂಡೆ ಇಳಿದಷ್ಟು ಹಗುರವಾಯಿತು. "ರಿಫೈನ್ಡ್!" ಎಂದು ಗೋಡೆಯ ಮೇಲಿದ್ದ ಗಂಡನ ಪಟಕ್ಕೆ ಹೇಳಿದಳು.

ಏಳನೇ ದಿನ ರಹ್ಮತ್‌ನ ದೋಣಿಯಲ್ಲಿ ಹೋಗಿ ಏಳು ಮನೆಗೆ ಏಳು ಬಾಟಲಿ ಕೊಟ್ಟು ಬಂದಳು. "ಪೇಟೆಯದ್ದಕ್ಕಿಂತ ತಿಳಿಯಾಗಿದೆಯಲ್ಲ ಆಜಿ!" ಎಂದು ಎಲ್ಲರೂ ಮೂಗಿನ ಮೇಲೆ ಬೆರಳಿಟ್ಟರು. ಒಂದು ಬಾಟಲಿ ಮನೆಯ ಪೂಜೆಯ ಗೂಡಿನಲ್ಲಿ ಮಗುವಿಗೆ, ಪುಲೌರಿಗೆ ಎಂದು ಉಳಿಯಿತು. ಒಂಬತ್ತನೆಯ ಬಾಟಲಿಯನ್ನು ಮಾತ್ರ ಅವಳು ಬೇಕೆಂದೇ ಎತ್ತಿಟ್ಟಿದ್ದಳು. ಎಂಟನೇ ದಿನ ಮಧ್ಯಾಹ್ನ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಆರೋಗ್ಯ ಕೇಂದ್ರಕ್ಕೆ ಹೋದಳು.

"ತಗೋ ನರ್ಸಮ್ಮ. ಮೂಸು."

ವರ್ಲಿನ್ ಮೂಸಿದಳು. ಬೆಳಕಿಗೆ ಹಿಡಿದಳು. "ಯಾವ ಎಣ್ಣೆ ಆಜಿ ಇದು?"

"ಅದೇ! ನೀನು ಟಾರು ಅಂದ್ಯಲ್ಲ, ಅದೇ. ಮನೇಲೇ ರಿಫೈನ್ ಮಾಡ್ದೆ. ಈಗ ಹೇಳು, ಎಲ್ಲಿದೆ ನಿನ್ನ ವಿಷ?"

ಹುಡುಗಿ ತಲೆ ತಗ್ಗಿಸುತ್ತಾಳೆ, ತಪ್ಪಾಯಿತು ಅನ್ನುತ್ತಾಳೆ ಎಂದು ತುಳಸಿದೈ ಕಾದಿದ್ದಳು. ವರ್ಲಿನ್ ಬೆಂಚಿನ ಮೇಲೆ ಕುಸಿದು ಕೂತಳು.

"ಯಾರಿಗಾದ್ರೂ ಕೊಟ್ರಾ?"

"ಏಳು ಮನೆಗೆ."

"ಅಯ್ಯೋ ಆಜಿ..."

ವರ್ಲಿನ್ ಎದ್ದು ಹೋಗಿ ಒಂದು ಗಾಜಿನ ಲೋಟಕ್ಕೆ ಆ ಎಣ್ಣೆಯನ್ನೇ ಅರ್ಧ ಸುರಿದಳು. ಕೇಂದ್ರದ ದೋಣಿಯ ಇಂಜಿನ್ನಿಗೆ ಹಾಕುವ ಆಯಿಲ್ ತಂದು ಒಂದೇ ತೊಟ್ಟು ಬಿಟ್ಟಳು. ಕಡ್ಡಿಯಲ್ಲಿ ಕಲಕಿದಳು. ತೊಟ್ಟು ಮಾಯ.

"ಈಗ ಈ ತೊಟ್ಟನ್ನ ಬಟ್ಟೇಲಿ ಸೋಸಿ ತೆಗೀರಿ ಆಜಿ."

ತುಳಸಿದೈ ಲೋಟ ನೋಡಿದಳು. "ಅದು ಹೆಂಗೆ ಬರುತ್ತೆ? ಬೆರೆತು ಹೋಯ್ತಲ್ಲ."

"ಹಂಗೇ ನಿಮ್ಮ ಹೊಗೇದೂ ಬೆರೆತು ಹೋಗಿದೆ. ಕಸ ಆದ್ರೆ ಬಟ್ಟೆಗೆ ಸಿಗತ್ತೆ. ಇದು ಕಸ ಅಲ್ಲ."

"ಕಾಯಿಸಿದ್ನಲ್ಲ! ಎಷ್ಟು ಹೊಗೆ ಹೋಯ್ತು ಗೊತ್ತಾ?"

"ಹೋಗಿದ್ದು ಹಗುರದ್ದು ಆಜಿ. ವಾಸನೆ ಬರೋದೂ ಬಹಳ ಮಟ್ಟಿಗೆ ಅದರದ್ದೇ. ಭಾರದ್ದು ಇದೆಯಲ್ಲ, ಹೆಚ್ಚು ಕೆಟ್ಟದ್ದು, ಅದು ಅಷ್ಟು ಸುಲಭಕ್ಕೆ ಏಳಲ್ಲ. ಕಳ್ಳ ಒಳಗೇ ಇದ್ದಾನೆ. ನೀವು ಬೊಗಳೋ ನಾಯೀನ ಓಡಿಸಿಬಿಟ್ರಿ. ಮೊದಲು ವಾಸನೆ ನೋಡಿ ಯಾರಾದ್ರೂ ಪಕ್ಕಕ್ಕಿಡ್ತಿದ್ರು. ಈಗ ಯಾರಿಗೂ ಗೊತ್ತಾಗಲ್ಲ."

"ಕಾರ್ಖಾನೇಲಿ ಮಾಡೋದೂ ಇದೇ ಅಲ್ವಾ? ಇದ್ದಿಲು ಹಾಕಲ್ವಾ ಅವರು?"

"ಹಾಕ್ತಾರೆ. ಆದ್ರೆ ಅದು ಒಲೆ ಇದ್ದಿಲಲ್ಲ. ಅದನ್ನ ಬೇರೆ ಥರ ಹದ ಮಾಡಿರ್ತಾರೆ, ಅದರ ಮೈತುಂಬ ಕಣ್ಣಿಗೆ ಕಾಣದ ತೂತು. ಆ ಭಾರದ್ದನ್ನ ಹಿಡಿಯೋದು ಅದೊಂದೇ. ಇಷ್ಟು ಎಣ್ಣೆಗೆ ಇಷ್ಟು ಅಂತ ಅಳತೆ ಇದೆ. ಆಮೇಲೆ ಗಾಳಿ ಪೂರ್ತಿ ಎಳೆದ ಪಾತ್ರೇಲಿ ಆವಿ ಬಿಟ್ಟು ಹಗುರದ್ದನ್ನ ಓಡಿಸ್ತಾರೆ. ಗಿಡಕ್ಕೆ ಹೊಡೆದ ಔಷಧಿ ಅಂಶನೂ ಆಗ ಸುಮಾರು ಹೋಗತ್ತೆ. ಕೊನೆಗೆ ಪರೀಕ್ಷೆ. ಆ ಪರೀಕ್ಷೆ ಮಾಡೋ ಕೆಲಸಾನೇ ನಾನು ಆರು ವರ್ಷ ಮಾಡಿದ್ದು."

"ಹಂಗಾದ್ರೆ ಅಲ್ಲಿಗೇ ಕಳಿಸೋಣ. ಅವರೇ ತೊಳೆದು ಕೊಡ್ಲಿ!"

"ಅವರೂ ತಗೊಳ್ಳಲ್ಲ ಆಜಿ. ಟಾರು ವಾಸನೆ ಬಂದ ಕೊಬ್ಬರಿನ ದೋಣಿಗಟ್ಟಲೆ ಬಾಗಿಲಲ್ಲೇ ವಾಪಸ್ ಕಳಿಸಿದ್ದು ನಾನೇ ನೋಡಿದೀನಿ. ರಿಫೈನ್ ಮಾಡಿದ್ರೆ ಕೆಟ್ಟದ್ದು ಕಮ್ಮಿ ಆಗತ್ತೆ, ಪೂರ್ತಿ ಹೋಗತ್ತೆ ಅಂತ ಇಲ್ಲ. ಇಂಜಿನ್ ಆಯಿಲ್ ಥರದ್ದು ಬೆರೆತ್ರೆ ಅವರಿಗೂ ಬಿಡಿಸೋದು ಕಷ್ಟ. ಇನ್ನೊಂದು ಕೇಳಿ. ಬಿಸಿ ಮಿತಿ ಮೀರಿದ್ರೆ ಮೊದಲು ಇರದೇ ಇದ್ದ ಹೊಸ ಕೆಟ್ಟ ವಸ್ತುಗಳು ಎಣ್ಣೇಲೇ ಹುಟ್ತವೆ. ಉಪ್ಪಿನಂಶ ಇದ್ರೆ ಇನ್ನೂ ಒಂದು ಥರದ್ದು. ಅದಕ್ಕೇ ಕಾರ್ಖಾನೇಲಿ ಮೊದಲೇ ತೊಳೆದು ಉಪ್ಪಿನಂಶ ತೆಗೀತಾರೆ, ಬಿಸಿನ ಕಣ್ಣಲ್ಲಿ ಕಣ್ಣಿಟ್ಟು ಕಾಯ್ತಾರೆ."

"ನಾನು ಒಂದು ಹಿಡಿ ಉಪ್ಪು ಹಾಕಿದೀನಿ" ಎಂದಳು ತುಳಸಿದೈ ಸಣ್ಣ ದನಿಯಲ್ಲಿ.

ವರ್ಲಿನ್ ಅವಳ ಕೈ ಹಿಡಿದುಕೊಂಡಳು.

ತುಳಸಿದೈ ಕೇಳಬೇಕೆಂದಿದ್ದದ್ದು ಬೇರೆಯೇ ಇತ್ತು. "ನಮ್ಮ ಯಜಮಾನರಿಗೆ ಹೊಟ್ಟೇಲಿ ಗೆಡ್ಡೆ ಆಗಿತ್ತು. ಅವರಿಗೆ ಹೊಗೆ ಕೊಬ್ಬರಿ ಎಣ್ಣೆ ಅಂದ್ರೆ ಪ್ರಾಣ. ನಲವತ್ತು ವರ್ಷ ನಾನೇ ಬಡಿಸಿದೀನಿ. ನಾನೇನಾ ವರ್ಲಿನ್?"

"ಅದನ್ನ ಯಾರೂ ಹೇಳೋಕಾಗಲ್ಲ ಆಜಿ. ನಾನೂ ಹೇಳಲ್ಲ. ನೀವು ಗೊತ್ತಿಲ್ದೆ ಪ್ರೀತಿಯಿಂದ ಬಡಿಸಿದ್ದು. ಅದನ್ನ ಕುತ್ತಿಗೆಗೆ ಕಟ್ಕೋಬೇಡಿ." ಹಾಗೆಂದು ವರ್ಲಿನ್ ಕಿಟಕಿಯಾಚೆ ಕೈ ತೋರಿಸಿದಳು. "ಇನ್ನೂ ಮೂರು ಗಂಟೆ ಬೆಳಕಿದೆ. ಏಳು ಮನೆ ಇದೆ."

ರಹ್ಮತ್ ಕಟ್ಟೆಯ ಬಳಿ ದೋಣಿಯಲ್ಲಿ ಬೀಡಿ ಸೇದುತ್ತಿದ್ದ. ತುಳಸಿದೈ ಓಡುತ್ತ ಬಂದದ್ದು ನೋಡಿ ಬೀಡಿ ಎಸೆದ.

"ಏನಾಯ್ತು ಭೌಜಿ?"

"ನಿನ್ನೆ ಹೋದ ಮನೆಗೆಲ್ಲ ಮತ್ತೆ ಹೋಗ್ಬೇಕು. ಎಣ್ಣೆ ವಾಪಸ್ ಇಸ್ಕೋಬೇಕು."

"ಕೊಟ್ಟಿದ್ದನ್ನ ವಾಪಸ್ ಕೇಳೋದಾ? ತಲೆ ಕೆಟ್ಟಿದೆಯಾ? ನಾಳೆ ಒಬ್ಬರೂ ಬರಲ್ಲ!"

"ರಹ್ಮತ್, ಒಂದು ಕೇಳ್ತೀನಿ, ಸುಳ್ಳು ಹೇಳ್ಬೇಡ. ಅವರ ದೋಣಿಗೆ ನೀನು ಬಳೀತಿದ್ದಿದ್ದು ಬರೀ ಟಾರಾ?"

ರಹ್ಮತ್ ತಲೆ ಕೆರೆದುಕೊಂಡ. "ಟಾರು ದುಬಾರಿ ಅಲ್ವಾ... ಹಳೇ ಇಂಜಿನ್ ಆಯಿಲ್ ಬೆರೆಸ್ತಿದ್ದೆ. ಎಲ್ಲರೂ ಬೆರೆಸ್ತಾರೆ. ಮರಕ್ಕೆ ಒಳ್ಳೇದು." ಮರಕ್ಕೆ ಒಳ್ಳೆಯದು ಎಂಬ ಮಾತು ಅವನಿಗೇ ಹಿತವಾಗಿ ಕೇಳಿಸಲಿಲ್ಲ. ಇಂಜಿನ್ನಿನ ಹಗ್ಗ ಎಳೆದ.

ಮೊದಲ ಮನೆಯಲ್ಲಿ ಬಾಟಲಿ ತೆರೆದೇ ಇರಲಿಲ್ಲ. ಎರಡನೆಯದರಲ್ಲಿ ಮನೆಯಾಕೆ ಮುಖ ಸಣ್ಣದು ಮಾಡಿಕೊಂಡು ತಂದುಕೊಟ್ಟಳು. ಮೂರನೆಯದರಲ್ಲಿ ಗಂಡಸು, "ನಮಗೆ ಕೊಟ್ಟಿದ್ದು ಜಾಸ್ತಿ ಆಯ್ತೇನೋ" ಎಂದು ಕುಟುಕಿದ. ಪ್ರತಿ ಕಟ್ಟೆಯಲ್ಲೂ ತುಳಸಿದೈ ಒಂದೇ ಮಾತು ಹೇಳಿದಳು: "ತಪ್ಪು ನನ್ನದು. ಟಾರಿನ ಹಲಗೆ ಸುಟ್ಟು ಒಣಗಿಸಿದ ಕೊಬ್ಬರಿ. ವಾಸನೆ ತೆಗೆದೆ, ವಿಷ ತೆಗೀಲಿಲ್ಲ." ಮೊದಲ ಸಲ ನಾಲಿಗೆ ತಡವರಿಸಿತು. ನಾಲ್ಕನೇ ಮನೆಯ ಹೊತ್ತಿಗೆ ಮಾತು ಸರಾಗವಾಯಿತು, ಅವಮಾನ ಮಾತ್ರ ಕಡಿಮೆಯಾಗಲಿಲ್ಲ. ಐದನೇ, ಆರನೇ ಬಾಟಲಿಗಳೂ ದೋಣಿಗೆ ಬಂದವು.

ಏಳನೇ ಮನೆ ಸುಮಿಂತ್ರಾಳದು. ಬಾಯಿ ದೊಡ್ಡದು, ಮನಸ್ಸೂ ದೊಡ್ಡದು. ಬಾಟಲಿಯಲ್ಲಿ ಕಾಲು ಭಾಗ ಖಾಲಿಯಾಗಿತ್ತು.

"ನಿನ್ನೆ ಮೀನು ಕರಿದೆ ಆಜಿ. ಮಕ್ಕಳು ಬೆರಳು ನೆಕ್ಕಿ ತಿಂದ್ವು. ಈಗ ಸಾಯ್ತಾವಾ?"

"ಇಲ್ಲ ಕಣೇ. ಒಂದು ದಿನಕ್ಕೆ ಏನೂ ಆಗಲ್ಲವಂತೆ. ಮುಂದಕ್ಕೆ ಬೇಡ ಅಷ್ಟೇ."

"ಸದ್ಯ!" ಎಂದು ಬಾಟಲಿ ಕೊಟ್ಟವಳು ಏನೋ ನೆನಪಾಗಿ ಕೂಗಿದಳು: "ಆಜಿ, ಅಂಜನಿ ಅಮ್ಮ ಈಗ ತಾನೇ ಇದೇ ದಾರೀಲಿ ಹೋದ್ರು. ನಾಳೆ ಗದ್ದಲದಲ್ಲಿ ಪುರುಸೊತ್ತಾಗಲ್ಲ, ಇವತ್ತೇ ಮಗುಗೆ ಎಣ್ಣೆ ಹಚ್ಚಿ ತೀಡಿಬಿಡ್ತೀನಿ ಅಂತಿದ್ರು."

ತುಳಸಿದೈ ದೋಣಿಯತ್ತ ಓಡಿದಳು. ಪೂಜೆಯ ಗೂಡಿನಲ್ಲಿ ಎಂಟನೆಯ ಬಾಟಲಿ ಇತ್ತು. ಊರವರ ಮನೆಯದನ್ನೆಲ್ಲ ನೆನೆದವಳು, ತನ್ನ ಮನೆಯದು ನಾಳೆಗೆ ತಾನೇ ಎಂದು ಸುಮ್ಮನಿದ್ದಳು.

"ಬೇಗ ಹೊಡಿ ರಹ್ಮತ್!"

"ನೀರು ಎದುರಿಗೆ ಇದೆ ಭೌಜಿ, ಇದಕ್ಕಿಂತ ಬೇಗ ಹೋಗಲ್ಲ."

ಹೊಳೆ ಅಷ್ಟು ಉದ್ದವಿದೆ ಎಂದು ಅವಳಿಗೆ ನಲವತ್ತು ವರ್ಷದಲ್ಲಿ ಅನ್ನಿಸಿರಲಿಲ್ಲ. ಎಂಟು ದಿನದ ಕೂಸು. ನೆತ್ತಿಯಲ್ಲಿ ಇನ್ನೂ ಮೂಳೆ ಕೂಡಿಲ್ಲ, ಕೈಯಿಟ್ಟರೆ ಪಟಪಟ ಮಿಡಿಯುತ್ತದೆ. ಅಲ್ಲಿಗೇ ಮೊದಲು ಬೊಗಸೆ ಎಣ್ಣೆ ಒತ್ತುವುದು. ಬಾಯಿಗೂ ಒಂದು ತೊಟ್ಟು ಬಿಡುವುದು. ಒಂದು ಸಲಕ್ಕೆ ಏನೂ ಆಗುವುದಿಲ್ಲ ಎಂದು ಸುಮಿಂತ್ರಾಗೆ ಹೇಳಿದವಳೇ ಅವಳು. ಆ ಮಾತು ಈಗ ಅವಳ ನೆರವಿಗೆ ಬರಲಿಲ್ಲ. ಕಾಲ ಬಳಿ ಏಳು ಬಾಟಲಿಗಳು ಒಂದಕ್ಕೊಂದು ತಾಗಿ ಟಣ್ ಟಣ್ ಅನ್ನುತ್ತಿದ್ದವು. ತಿಳಿಯಾಗಿ, ಚೆಂದಾಗಿ ಕಾಣುತ್ತಿದ್ದವು. ಅವಳು ಸೆರಗು ಮುಚ್ಚಿದಳು.

ದೋಣಿ ಕಟ್ಟೆಗೆ ತಾಗುವ ಮುಂಚೆಯೇ ಹಾರಿದಳು. ಮೆಟ್ಟಿಲು ಹತ್ತಿ ಬಾಗಿಲು ತಳ್ಳಿದಳು. ಬೀಗಿತ್ತಿ ಕಾಲು ಚಾಚಿ ಕೂತಿದ್ದಳು. ಕಾಲ ಮೇಲೆ ಮಗು, ಮೈಯೆಲ್ಲ ಎಣ್ಣೆ, ಮಿರಮಿರ ಮಿಂಚುತ್ತಿತ್ತು.

"ನಿಲ್ಸಿ! ಆ ಎಣ್ಣೆ ಬೇಡ!"

ಬೀಗಿತ್ತಿ ಗಾಬರಿಯಾಗಿ ಕೈ ಎತ್ತಿದಳು. ಮಗು ಅಳತೊಡಗಿತು. ತುಳಸಿದೈ ತನ್ನ ಸೆರಗಿನಿಂದಲೇ ಮಗುವಿನ ನೆತ್ತಿ ಒರೆಸಲು ಬಾಗಿದಳು. ಆಗ ಬಾಣಂತಿ ಎದ್ದು ಬಂದು ಅವಳ ಕೈ ಹಿಡಿದಳು. ಅಂಜನಿ ಅತ್ತೆಯ ಕೈ ಹಿಡಿದದ್ದು ಅದೇ ಮೊದಲು.

"ಇದು ಆ ಎಣ್ಣೆ ಅಲ್ಲ ಆಜಿ."

"ಹಂಗಂದ್ರೆ?"

"ನಮ್ಮಮ್ಮ ತಂದಿದ್ದು. ಮಳೆಗೆ ಮುಂಚೆ ಬಿಸಿಲಲ್ಲಿ ಒಣಗಿಸಿದ್ದು. ಪೂಜೆ ಗೂಡಲ್ಲಿದ್ದ ಬಾಟಲಿನ ನಾನು ನಿನ್ನೆ ತೆಗೆದು ಮಂಚದ ಕೆಳಗೆ ಬಚ್ಚಿಟ್ಟೆ. ನಾಳೆ ನೀವು ಕೇಳಿದ್ರೆ ಕೈ ಜಾರಿ ಒಡೆದೋಯ್ತು ಅನ್ನೋಣ ಅಂತಿದ್ದೆ."

ತುಳಸಿದೈ ನೆಲದ ಮೇಲೆ ಕೂತುಬಿಟ್ಟಳು.

"ವರ್ಲಿನ್ ಹೇಳಿದ ದಿನದಿಂದ ನಾನು ಕಣ್ಣು ಮುಚ್ಚಿಲ್ಲ" ಎಂದಳು ಅಂಜನಿ.

"ನನಗೆ ಯಾಕೆ ಹೇಳಲಿಲ್ಲ?"

"ಆಜಾ ದೋಣಿ ಅಂದ್ರೆ ನೀವು ಯಾರ ಮಾತು ಕೇಳಿಸ್ಕೋತೀರಾ?"

ಐದು ದಿನದಿಂದ ಒಂದೇ ಸೂರಿನಡಿ ಇಬ್ಬರು ಹೆಂಗಸರು ಒಂದೇ ಭಯವನ್ನು ಬೇರೆ ಬೇರೆ ಹೊತ್ತಿದ್ದರು. ಒಬ್ಬಳು ಹಟಕ್ಕೆ, ಇನ್ನೊಬ್ಬಳು ಅಂಜಿಕೆಗೆ. ವಿಷ ಎಣ್ಣೆಯಲ್ಲಿತ್ತು ನಿಜ, ಆದರೆ ಅದನ್ನು ಮಗುವಿನ ನೆತ್ತಿಯ ತನಕ ತಂದದ್ದು ತನ್ನ ಬಾಯಿಯ ಜೋರು ಎಂದು ತುಳಸಿದೈಗೆ ಅರ್ಥವಾಯಿತು. ನಾಚಿಕೆಯಾಯಿತು. ಸೊಸೆಯನ್ನು ಹತ್ತಿರ ಎಳೆದು ತಲೆ ನೇವರಿಸಿದಳು.

"ಇನ್ನು ಮೇಲೆ ಬಚ್ಚಿಡ್ಬೇಡ. ಕೂಗಿ ಹೇಳು. ನಾನು ಕೇಳದೇ ಹೋದ್ರೆ ರಹ್ಮತ್‌ನ ಕರೆದು ನನ್ನ ಕಿವಿ ಹಿಂಡಿಸು."

"ನನ್ನ ಕಿವಿ ಹಿಂಡೋರು ಯಾರು ಅಂತ ಮೊದಲು ಹೇಳಿ" ಎಂದ ರಹ್ಮತ್ ಬಾಗಿಲಿಂದ. "ದೋಣಿಗೆ ಬಳಿದವನು ನಾನಲ್ವಾ."

ಮರುದಿನ ಒಂಬತ್ತನೇ ದಿನದ ಊಟಕ್ಕೆ ಏಳು ಮನೆಯವರೂ ಬಂದರು. ಪುಲೌರಿ ಕರಿದದ್ದು ಬೀಗಿತ್ತಿ ತಂದ ಎಣ್ಣೆಯಲ್ಲಿ. ಸಾಲದ್ದಕ್ಕೆ ಸುಮಿಂತ್ರಾ ತನ್ನ ಮನೆಯಿಂದ ಒಂದು ಬಾಟಲಿ ತಂದಿದ್ದಳು. "ಇದನ್ನ ನಾಳೆ ವಾಪಸ್ ಕೇಳಲ್ಲ, ಹೆದರ್ಬೇಡಿ!" ಎಂದು ಅವಳು ಕೂಗಿದಾಗ ಎಲ್ಲರೂ ನಕ್ಕರು, ತುಳಸಿದೈಯೂ ನಕ್ಕಳು. ವರ್ಲಿನ್ ಬಂದವರಿಗೆಲ್ಲ ಆ ಲೋಟ, ಆ ಒಂದು ತೊಟ್ಟು ಆಯಿಲಿನ ಆಟ ತೋರಿಸಿದಳು. ಸೋಸಲು ಹೋಗಿ ಸೋತವರೆಲ್ಲ ಮನೆಗೆ ಹೋಗಿ ತಮ್ಮ ತಮ್ಮ ಗೂಡಿನ ಸೌದೆ ನೋಡಿಕೊಂಡರು. ಇಂಜಿನ್ ಆಯಿಲಿನ ಖಾಲಿ ಕ್ಯಾನನ್ನು ತೊಳೆದು ಅಡುಗೆ ಎಣ್ಣೆ ತುಂಬಿಟ್ಟಿದ್ದ ಇಬ್ಬರು ಸದ್ದಿಲ್ಲದೆ ಅದನ್ನು ಚೆಲ್ಲಿ ಬೇರೆ ಪಾತ್ರೆ ಹುಡುಕಿದರು.

ಆ ಎಣ್ಣೆ ಏನಾಯಿತು? ಹೊಳೆಗೆ ಸುರಿಯಬೇಡಿ ಎಂದು ವರ್ಲಿನ್ ಹೇಳಿದ್ದಳು. ಒಂಬತ್ತೂ ಬಾಟಲಿಗಳನ್ನು ರಹ್ಮತ್ ತನ್ನ ಕೊಟ್ಟಿಗೆಗೆ ಒಯ್ದ. ಪ್ರತಿಯೊಂದಕ್ಕೂ ಟಾರಿನಲ್ಲಿ ದೊಡ್ಡ ಕಪ್ಪು ಗುರುತು ಹಾಕಿ, ಮಕ್ಕಳ ಕೈಗೆ ಸಿಗದ ಹಾಗೆ ತೊಲೆಯ ಮೇಲಿಟ್ಟ. ಗರಗಸ, ಉಳಿ, ಬೈರಿಗೆ ಯಾವುದಕ್ಕೂ ತುಕ್ಕು ಹಿಡಿಯದಂತೆ ಅದನ್ನೇ ಸವರುತ್ತಾನೆ. ಆ ಗರಗಸದಲ್ಲೇ ಈಗ ಹೊಸದೊಂದು ದೋಣಿಯ ಹಲಗೆ ಕೊಯ್ಯುತ್ತಿದ್ದಾನೆ. ಅದು ತುಳಸಿದೈ ಮನೆಗೆ. ಮೊಮ್ಮಗಳು ದೊಡ್ಡವಳಾದ ಮೇಲೆ ಆಜಾ ಏನು ಕೊಟ್ಟ ಎಂದು ಕೇಳಿದರೆ ತೋರಿಸಲು ತುಳಸಿದೈಗೆ ಅವನ ಎಣ್ಣೆ ಸವರಿದ ಗರಗಸ ಕೊಯ್ದ ಒಂದು ದೋಣಿ ಇರುತ್ತದೆ.

ಓದುತ್ತಿರುವ ಅಕ್ಕ, ಓದಿ ಹೇಳುತ್ತಿರುವ ತಂಗಿ, ನಿಮ್ಮ ಮನೆಯ ಎಣ್ಣೆಯನ್ನು ಒಮ್ಮೆ ನೆನೆಸಿಕೊಳ್ಳಿ. ಬಣ್ಣ ತಿಳಿಯಾಗಿದೆ, ವಾಸನೆಯಿಲ್ಲ ಎಂದ ಮಾತ್ರಕ್ಕೆ ಅದು ಶುದ್ಧ ಎಂದು ನಂಬಬೇಡಿ. ಕೆಟ್ಟ ಎಣ್ಣೆಯನ್ನು ಒಲೆಯ ಮೇಲೆ ಕಾಯಿಸಿ, ಸೋಸಿ ಸರಿ ಮಾಡಲು ಆಗುವುದಿಲ್ಲ. ಕಾರ್ಖಾನೆಯ ರಿಫೈನಿಂಗ್‌ಗೂ ಮಿತಿಯಿದೆ. ಆದ್ದರಿಂದ ಕಾಳಜಿ ಮೊದಲಲ್ಲೇ ಇರಲಿ. ಕೊಬ್ಬರಿಯಾಗಲಿ ಕಾಳಾಗಲಿ, ಬಿಸಿಲಲ್ಲೇ ಒಣಗಿಸಿ. ಬಿಸಿಲಿಲ್ಲದಾಗ ಒಣ ಚಿಪ್ಪಿನ ಸಣ್ಣ ಬೆಂಕಿ ಸಾಕು, ಅದರ ಹೊಗೆಯೂ ಕೊಬ್ಬರಿಗೆ ತಾಗದಂತೆ ನಡುವೆ ತಗಡು ಹಾಕಿ. ಟಾರು, ಬಣ್ಣ ಬಳಿದ ಮರ, ಟಯರು, ಪ್ಲಾಸ್ಟಿಕ್ ಗೂಡಿನ ಹತ್ತಿರವೂ ಸುಳಿಯದಿರಲಿ. ಇಂಜಿನ್ ಆಯಿಲಿನ, ಗಿಡಕ್ಕೆ ಹೊಡೆಯುವ ಔಷಧಿಯ ಡಬ್ಬದಲ್ಲಿ ತಿನ್ನುವ ಎಣ್ಣೆ ತುಂಬಬೇಡಿ. ಕೊಳ್ಳುವುದಾದರೆ ಮೊಹರು ಇರುವುದನ್ನೇ ಕೊಳ್ಳಿ. ಹೊಗೆ ಬರುವ ತನಕ ಎಣ್ಣೆ ಕಾಯಿಸಬೇಡಿ.

ಇನ್ನೊಂದು ಮಾತು. ನಿಮ್ಮ ಮನೆಯಲ್ಲೂ ಒಬ್ಬಳು ಅಂಜನಿ ಇರಬಹುದು. ಇವತ್ತು ಒಲೆ ಹಚ್ಚುವ ಮುಂಚೆ, ಅವಳು ಮಂಚದ ಕೆಳಗೆ ಏನು ಬಚ್ಚಿಟ್ಟಿದ್ದಾಳೆ ಎಂದು ಕೇಳಿ.